ಪರ್ಸಿ ಕಲ್ಲು, ಎರೆಮಣ್ಣು ಮತ್ತು ರಾಜರ ಗೋರಿಗಳು

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯವರು ಈಜಿಪ್ಟಿಗೆ ಪ್ರವಾಸ ಹೋದರೆ ಅಲ್ಲಿನ ನೆಲ ಅವರಿಗೆ ತೀರಾ ಹೊಸದೆನಿಸದು. ಲಕ್ಸರ್ ಎದುರಿನ ‘ರಾಜರ ಕಣಿವೆ’ಯಲ್ಲಿ 60ಕ್ಕೂ ಹೆಚ್ಚು ಗೋರಿಗಳಿವೆ. ಹೆಚ್ಚಿನವನ್ನು ಕೊರೆದಿರುವುದು ಸುಣ್ಣದ ಕಲ್ಲಿನಲ್ಲಿ. ನಾವು ಅಂಗಳಕ್ಕೆ ಹಾಸುವ ಪರ್ಸಿಯೂ ಅದೇ ಜಾತಿಯ ಕಲ್ಲು. ಎರಡೂ ಪುರಾತನ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತವು. ಅಲ್ಲಿಯದಕ್ಕೆ ಸುಮಾರು 5 ಕೋಟಿ ವರ್ಷ. ನಮ್ಮದು ಅದಕ್ಕಿಂತ ಬಹಳ ಹಿರಿಯದು.

ಆ ಕಲ್ಲಿನಡಿ ‘ಎಸ್ನಾ ಶೇಲ್’ ಎಂಬ ಜೇಡಿಪದರವಿದೆ. ಅದರ ಸ್ವಭಾವ ನಮ್ಮ ತೊಗರಿ ಹೊಲದ ಎರೆಮಣ್ಣಿನದೇ: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮರುಭೂಮಿಯಲ್ಲಿ ಮಳೆ ಅಪರೂಪ. ಬಂದರೆ ದಿಢೀರ್ ಪ್ರವಾಹ. ಎರಡನೇ ರಾಮ್ಸೆಸ್‌ನ ಗೋರಿಗೆ ಹೀಗೆ ಪದೇ ಪದೇ ನೀರು ನುಗ್ಗಿ, ಶೇಲ್ ಉಬ್ಬಿ, ಕಂಬ ಗೋಡೆಗಳು ಸೀಳಿದವು. 1994ರಲ್ಲೂ ಕಣಿವೆಗೆ ಪ್ರವಾಹ ಬಂತು.

ಪ್ರವಾಹವಿಲ್ಲದಾಗಲೂ ತೇವ ಒಳಸೇರುತ್ತದೆ. ಪ್ರವಾಸಿಗರ ಉಸಿರು, ಬೆವರು ಮುಚ್ಚಿದ ಕೋಣೆಯ ಗಾಳಿಯಲ್ಲೇ ಉಳಿಯುತ್ತವೆ. ಕಲ್ಲಿನೊಳಗಿನ ಉಪ್ಪು ತೇವಕ್ಕೆ ಕರಗಿ, ಒಣಗುವಾಗ ಬಣ್ಣದ ಹಿಂದೆ ಹರಳುಗಟ್ಟಿ, ಗಿಲಾವನ್ನೇ ಹೊರಕ್ಕೆ ತಳ್ಳುತ್ತದೆ. 1904ರಲ್ಲಿ ಪತ್ತೆಯಾದ ರಾಣಿ ನೆಫರ್ತಾರಿಯ ಗೋರಿಯ ಚಿತ್ರಗಳು ಉದುರಿದ್ದು ಉಪ್ಪಿನಿಂದಲೇ. ಗೆಟ್ಟಿ ಸಂಸ್ಥೆ ಮತ್ತು ಈಜಿಪ್ಟ್ ಸರ್ಕಾರ ಅದನ್ನು ದುರಸ್ತಿ ಮಾಡಿಸಿದವು. 1995ರಲ್ಲಿ ಬಾಗಿಲು ತೆರೆದಾಗ ದಿನಕ್ಕೆ 150 ಜನರ ಮಿತಿ ಹಾಕಲಾಯಿತು. ಟುಟಾಂಖಾಮುನ್ ಗೋರಿಗಂತೂ 2014ರಲ್ಲಿ ತದ್ರೂಪವನ್ನೇ ಕಟ್ಟಿ ತೋರಿಸತೊಡಗಿದರು.

ನಮ್ಮ ಜಿಲ್ಲೆಯಲ್ಲೇ, ಕಲಬುರಗಿಯ ಹಫ್ತ್ ಗುಂಬಜ್‌ನಲ್ಲಿ, ಬಹಮನಿ ಸುಲ್ತಾನರ ಗೋರಿಗಳಿವೆ. 1422ರಲ್ಲಿ ತೀರಿಕೊಂಡ ಫಿರೋಜ್ ಷಾನದೂ ಅಲ್ಲಿದೆ. ಅವನ ತಮ್ಮ ಅಹ್ಮದ್ ಷಾನ ಗೋರಿ ಬೀದರ್ ಬಳಿಯ ಅಷ್ಟೂರಿನಲ್ಲಿದ್ದು, ಒಳಗೆಲ್ಲ ಬಣ್ಣದ ಚಿತ್ತಾರ. ಇವು ನೆಲದ ಮೇಲೆ ನಿಂತ ಕಟ್ಟಡಗಳಾದ್ದರಿಂದ ಗಾಳಿಯಾಡುತ್ತದೆ, ಉಸಿರಿನ ಕಾಟ ಕಡಿಮೆ. ಇಲ್ಲಿ ಭಯ ಮುಂಗಾರಿನದು: ಗುಮ್ಮಟದ ಸಣ್ಣ ಬಿರುಕಿನಿಂದ ಇಳಿದ ನೀರು ಅದೇ ಉಪ್ಪಿನಾಟ ಹೂಡುತ್ತದೆ.

ಆ ಬಿರುಕಿಗೆ ಸಿಮೆಂಟ್ ಮೆತ್ತುವುದು ಸುಲಭ, ಆದರೆ ತಪ್ಪು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಸುಣ್ಣ. ಜೇಡಿಯೊಡನೆ 1450 ಡಿಗ್ರಿಗೆ ಕಾಯಿಸಿ, ಬಂದ ಕ್ಲಿಂಕರನ್ನು ಅರೆದರೆ ಸಿಮೆಂಟ್. ಗಟ್ಟಿ ಸಿಮೆಂಟ್ ತೇವವನ್ನು ಒಳಗೇ ಕಟ್ಟಿಹಾಕುತ್ತದೆ, ತನ್ನ ಉಪ್ಪನ್ನೂ ಸೇರಿಸುತ್ತದೆ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ. ವಾಡಿ, ಸೇಡಂನ ಕಾರ್ಖಾನೆಗಳು ದೇಶಕ್ಕೆಲ್ಲ ಸಿಮೆಂಟ್ ಕಳಿಸಲಿ. ಹಳೆಯ ಗುಮ್ಮಟಗಳಿಗೆ ಬೇಕಾದವರು ಮಾತ್ರ ಗಾರೆ ಅರೆಯಬಲ್ಲ ಕೆಲಸಗಾರರು.