ಕಡತಮಾರ್ಗಗಳ ಸರಳೀಕರಣ: ಸೊಲ್ಲಾಪುರ–ಅಕ್ಕಲಕೋಟೆಯ ದಾಖಲೆಗಳ ನಿಮಿತ್ತ

ಸೊಲ್ಲಾಪುರ ಮತ್ತು ಅಕ್ಕಲಕೋಟೆ ಪರಿಸರದ ಭಾಷಾಸಾಮಗ್ರಿ ಒಂದೇ ಲಿಪಿಯಲ್ಲಿಲ್ಲ. ಇಲ್ಲಿ ಶಾಲೆಯ ಕಾಗದಪತ್ರಗಳು ಕನ್ನಡದಲ್ಲಿ, ಆಡಳಿತದ ದಾಖಲೆಗಳು ಮರಾಠಿಯಲ್ಲಿ, 1967ರ ಮಹಾಜನ ಆಯೋಗದ ವರದಿಯಂತಹ ಬರಹಗಳು ಇಂಗ್ಲಿಷಿನಲ್ಲಿ ದೊರೆಯುತ್ತವೆ. ಇವು ಗಣಕಯಂತ್ರವನ್ನು ಸೇರಿದಾಗ ಪ್ರತಿಯೊಂದು ಕಡತಕ್ಕೂ ಒಂದು ಮಾರ್ಗ, ಅಂದರೆ ಫೈಲ್ ಪಾತ್, ಪ್ರಾಪ್ತವಾಗುತ್ತದೆ. ಸಂಶೋಧಕನಿಗೆ ಅದು ಗ್ರಂಥಾಲಯದ ಕಪಾಟಿನ ಸಂಖ್ಯೆಗೆ ಸಮಾನ. ಒಂದೇ ಕಡತಕ್ಕೆ ನಾಲ್ಕು ಬಗೆಯ ಮಾರ್ಗಗಳು ಬರೆಯಲ್ಪಟ್ಟರೆ ಸೂಚಿಯಲ್ಲಿ ಒಂದು ದಾಖಲೆ ನಾಲ್ಕಾಗಿ ಎಣಿಕೆಯಾಗುತ್ತದೆ. ಹುಡುಕಿದವನಿಗೆ ಸಿಗದೆಯೂ ಹೋಗಬಹುದು.

ನಿದರ್ಶನಕ್ಕಾಗಿ ಈ ಕಲ್ಪಿತ ಮಾರ್ಗವನ್ನು ನೋಡಬಹುದು:

/ಸಂಗ್ರಹ/ಸೊಲ್ಲಾಪುರ/./ಪತ್ರಿಕೆಗಳು/../../ಅಕ್ಕಲಕೋಟೆ//ಶಾಸನಗಳು

ಒಂಟಿ ಬಿಂದು 'ಇದೇ ಕೋಶ' ಎಂದೂ, ಜೋಡಿ ಬಿಂದು 'ಒಂದು ಮೆಟ್ಟಿಲು ಹಿಂದಕ್ಕೆ' ಎಂದೂ ಅರ್ಥ ಕೊಡುತ್ತದೆ. ಮೊದಲು ಒಂಟಿ ಬಿಂದುವನ್ನೂ ಹೆಚ್ಚುವರಿ ಓರೆಗೆರೆಯನ್ನೂ ತೆಗೆಯಬೇಕು. ಆನಂತರ ಒಂದು ಹೆಸರನ್ನೂ ಅದರ ಬೆನ್ನಿಗಿರುವ ಜೋಡಿ ಬಿಂದುವನ್ನೂ ಒಟ್ಟಿಗೆ ಅಳಿಸಬೇಕು. 'ಪತ್ರಿಕೆಗಳು' ಹೋದ ಮೇಲೆಯೇ 'ಸೊಲ್ಲಾಪುರ' ಮುಂದಿನ ಜೋಡಿ ಬಿಂದುವಿಗೆ ಎದುರಾಗುತ್ತದೆ. ಕಡೆಗೆ ಉಳಿಯುವುದು:

/ಸಂಗ್ರಹ/ಅಕ್ಕಲಕೋಟೆ/ಶಾಸನಗಳು

ಈ ಕೆಲಸಕ್ಕೆ ಒದಗುವ ಸಾಧನ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ವಿನ್ಯಾಸಸೂತ್ರ. ಸ್ಟೀಫನ್ ಕ್ಲೀನಿಯವರು 1950ರ ದಶಕದಲ್ಲಿ ರೂಪಿಸಿದ ಗಣಿತಕಲ್ಪನೆಯನ್ನು ಕೆನ್ ಥಾಂಪ್ಸನ್ 1968ರಲ್ಲಿ ಪಠ್ಯಶೋಧದ ಕ್ರಮವಿಧಿಯಾಗಿ ಪ್ರಕಟಿಸಿದರು. ಸೆಡ್ ಮತ್ತು ಆಕ್ ಎಂಬ ಪಠ್ಯಸಂಸ್ಕರಣ ಸಾಧನಗಳು ಅದೇ ಪರಂಪರೆಯವು.

ಕನ್ನಡದ ಹೆಸರುಗಳಿಗೆ ಸೂತ್ರ ಬರೆಯುವಾಗ ಎಚ್ಚರ ಅಗತ್ಯ. ಪೈಥಾನ್‌ನ ಸಾಮಾನ್ಯ ಸೂತ್ರಸಾಧನದಲ್ಲಿ 'ಪದದ ಅಕ್ಷರ' ಎಂಬ ಸಂಕೇತವು ಸ್ವರಚಿಹ್ನೆಗಳನ್ನೂ ವಿರಾಮಚಿಹ್ನೆಯನ್ನೂ ಒಳಗೊಳ್ಳುವುದಿಲ್ಲ. ಆದಕಾರಣ 'ಅಕ್ಕಲಕೋಟೆ' ಎಂಬುದು 'ಅಕ', 'ಕಲಕ', 'ಟ' ಎಂದು ಮೂರು ತುಂಡಾಗುತ್ತದೆ. 'ಓರೆಗೆರೆಯಲ್ಲದ ಯಾವುದಾದರೂ' ಎಂಬರ್ಥದ [^/]+ ಸೂತ್ರಕ್ಕೆ ಈ ದೋಷವಿಲ್ಲ. ಅದು ಎಲ್ಲ ಲಿಪಿಗಳನ್ನೂ ಸಮಾನವಾಗಿ ಕಾಣುತ್ತದೆ. ಆದರೆ ಅದು ಜೋಡಿ ಬಿಂದುವನ್ನೂ ಹೆಸರೆಂದೇ ಭಾವಿಸಿ '../../' ಎಂಬುದನ್ನು ಪೂರ್ತಿಯಾಗಿ ಅಳಿಸಬಲ್ಲದು. ಹಿಂದೆಗೆತದ ಆಳಕ್ಕೆ ಮಿತಿಯಿಲ್ಲದಿರುವುದರಿಂದ ಒಂದೇ ಬದಲಾವಣೆಯಲ್ಲಿ ಕೆಲಸ ಮುಗಿಯುವುದಿಲ್ಲ. ಮಾರ್ಗವನ್ನು ಓರೆಗೆರೆಗಳಲ್ಲಿ ಸೀಳಿ, ಹೆಸರು ಬಂದಾಗ ಒಂದರ ಮೇಲೊಂದು ಪೇರಿಸಿ, ಜೋಡಿ ಬಿಂದು ಬಂದಾಗ ಮೇಲಿನದನ್ನು ತೆಗೆಯುವ ಸಣ್ಣ ಆಕ್ ಲಿಪಿಕೆಯೇ ಹೆಚ್ಚು ವಿಶ್ವಾಸಾರ್ಹ. ಮಾರ್ಗದ ನಡುವೆ ಬೇರೆ ಕೋಶಕ್ಕೆ ಸೂಚಿಸುವ ಸಾಂಕೇತಿಕ ಕೊಂಡಿಯಿದ್ದಲ್ಲಿ ಮಾತ್ರ ಅಕ್ಷರಗಳನ್ನಷ್ಟೇ ನೋಡಿ ಸರಳಗೊಳಿಸುವುದು ಸುರಕ್ಷಿತವಲ್ಲ.

ಇನ್ನೊಂದು ತೊಡಕು ಕಣ್ಣಿಗೆ ಕಾಣದು. ಯೂನಿಕೋಡಿನಲ್ಲಿ 'ಕೋ' ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಹೀಗಾಗಿ 'ಅಕ್ಕಲಕೋಟೆ' ಒಂದು ಕಡೆ 27 ಬೈಟ್, ಇನ್ನೊಂದು ಕಡೆ 33 ಬೈಟ್ ಆಗುತ್ತದೆ. ಓದುವವರಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಹೆಸರಿಗೆ 255 ಬೈಟ್‌ಗಳ ಮಿತಿಯಿರುವುದರಿಂದ ಕನ್ನಡದ ಹೆಸರಿಗೆ ದಕ್ಕುವುದು 85 ಸಂಕೇತಗಳು ಮಾತ್ರ. ಆದ್ದರಿಂದ ಹೋಲಿಕೆಗೆ ಮುನ್ನ ಎಲ್ಲ ಹೆಸರುಗಳನ್ನೂ ಯೂನಿಕೋಡಿನ ಸಂಯುಕ್ತ ರೂಪಕ್ಕೆ ತರುವುದು ಯುಕ್ತ.

ಆದರೆ ಈ ಏಕರೂಪತೆ ಸಂಕೇತಗಳಿಗೆ ಸೀಮಿತವಾಗಿರಬೇಕು, ಕಾಗುಣಿತಕ್ಕೆ ವಿಸ್ತರಿಸಬಾರದು. ಸೊನ್ನಲಿಗೆ, ಸೊಲ್ಲಾಪುರ, ಸೋಲಾಪುರ. ಅಕ್ಕಲಕೋಟ, ಅಕ್ಕಲಕೋಟೆ – ಇವು ಒಂದೊಂದು ಊರಿನ ಭಿನ್ನ ರೂಪಗಳಾದರೂ, ಯಾರು, ಯಾವ ಕಾಲದಲ್ಲಿ, ಯಾವ ಭಾಷೆಯ ಪ್ರಭಾವದಲ್ಲಿ ಬರೆದರು ಎಂಬುದಕ್ಕೆ ಸಾಕ್ಷ್ಯಗಳು. ಸಿದ್ಧರಾಮನ ಸೊನ್ನಲಿಗೆಯನ್ನು ಲಿಪಿಕೆಯೊಂದು ಕ್ಷಣದಲ್ಲಿ 'ಸೋಲಾಪುರ'ವಾಗಿಸಬಲ್ಲದು. ಮರಳಿ ಪಡೆಯುವುದು ಸುಲಭವಲ್ಲ. ರೂಪಭೇದಗಳ ಸಂಬಂಧವನ್ನು ಪ್ರತ್ಯೇಕ ಕೋಷ್ಟಕದಲ್ಲಿ ನಮೂದಿಸಿ, ಮೂಲಮಾರ್ಗ ಮತ್ತು ಸರಳೀಕೃತ ಮಾರ್ಗ ಎರಡನ್ನೂ ಅಕ್ಕಪಕ್ಕದಲ್ಲಿ ಕಾಪಿಡುವುದು ಅಲ್ಪಸಂಖ್ಯಾತ ಭಾಷೆಯ ದಾಖಲೀಕರಣಕ್ಕೆ ತಕ್ಕ ಕ್ರಮ.