ಎತ್ತರಿಸಿದ ಜೀಪಿಗೆ ಎಂಥ ತೋಳು?

ವಿಜಯಪುರದಿಂದ ಅಥಣಿಯ ದಾರಿ ಹಿಡಿದು ಸುಮಾರು 20 ಕಿಲೋಮೀಟರು ಸಾಗಿದರೆ ತಿಕೋಟಾ ಸಿಗುತ್ತದೆ. ದಾರಿ ಡಾಂಬರಿನದು, ಅದರ ಮೇಲೆ ಓಡಲು ಯಾವ ಕಾರಾದರೂ ಸಾಕು. ಅಲ್ಲಿಂದ ದ್ರಾಕ್ಷಿಯ ತೋಟಗಳಿಗೆ ಇಳಿಯುವ ಹೊಲದ ಹಾದಿಯ ಮಾತೇ ಬೇರೆ. ಬೇಸಗೆಯಲ್ಲಿ ಎರೆನೆಲವು ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ; ಮಳೆ ಬಿದ್ದೊಡನೆ ಅದೇ ನೆಲ ಅಂಟಾಗಿ ಗಾಲಿಯನ್ನು ಹಿಡಿದುಕೊಳ್ಳುತ್ತದೆ. ಹಸಿಯಲ್ಲಿ ಟ್ರ್ಯಾಕ್ಟರುಗಳು ಕೊರೆದ ಜಾಡುಗಳು ಒಣಗಿದ ಮೇಲೆ ಕಲ್ಲಿನಂತಾಗಿ, ಅವುಗಳ ನಡುವಣ ದಿಬ್ಬವು ಗಾಡಿಯ ಹೊಟ್ಟೆಯನ್ನು ಉಜ್ಜುತ್ತದೆ. ಆದುದರಿಂದ ಥಾರ್, ಜಿಮ್ನಿ ಮೊದಲಾದ ಗಾಡಿಗಳನ್ನು ಕೊಂಡವರಿಗೆ ಅವನ್ನು ಇನ್ನೆರಡು ಅಂಗುಲ ಎತ್ತರಿಸಬೇಕೆಂಬ ಆಸೆ ಹುಟ್ಟುವುದು ಸಹಜವೇ.

ಬಬಲೇಶ್ವರದ ಕಡೆಯ ನಮ್ಮ ಪರಿಚಿತರೊಬ್ಬರು ಆ ಆಸೆಯನ್ನು ತೀರಿಸಿಕೊಂಡಿದ್ದರು. ಉದ್ದನೆಯ ಸ್ಪ್ರಿಂಗುಗಳನ್ನು ಹಾಕಿಸಿ ಗಾಡಿಯನ್ನು ಎರಡು ಅಂಗುಲ ಮೇಲೆತ್ತಿದ್ದರು. ಬೇರೆ ಏನನ್ನೂ ಬದಲಿಸಿರಲಿಲ್ಲ. “ಗಾಡಿ ಎತ್ತರ ಆಗೇತ್ರಿ ಖರೆ, ಆದ್ರ ಸ್ಟೇರಿಂಗ ಮಾತು ಕೇಳವಲ್ದ್ರಿ” ಎಂಬುದು ಅವರ ದೂರು. ಅವರೊಡನೆ ಜಮಖಂಡಿಯ ದಾರಿಯಲ್ಲಿ ಕುಳಿತು ಹೋದಾಗ ನಮಗೂ ಅದು ಅನುಭವಕ್ಕೆ ಬಂದಿತು. ತಿರುವಿನಲ್ಲಿ ತಿರುಗಿಸಿದ ಚಕ್ರ ತಾನಾಗಿ ಹಿಂದಿರುಗದು. ನೇರ ದಾರಿಯಲ್ಲಿಯೂ ಗಾಡಿ ಅತ್ತಿತ್ತ ಅಲೆಯುವುದು. ಹೊಲದಲ್ಲಿ ಗಂಟೆಗೆ 15 ಕಿಲೋಮೀಟರಿನ ವೇಗದಲ್ಲಿ ಇದು ತಿಳಿಯುವುದೇ ಇಲ್ಲ. ಹೆದ್ದಾರಿಯಲ್ಲಿ 80ರ ವೇಗದಲ್ಲಿ, ಎದುರಿಗೆ ಕಬ್ಬಿನ ಲಾರಿ ಬರುತ್ತಿರುವಾಗ, ಇದು ಜೀವದ ಪ್ರಶ್ನೆಯಾಗುತ್ತದೆ.

ದೋಷವಿದ್ದುದು ಸ್ಪ್ರಿಂಗಿನಲ್ಲಲ್ಲ, ತೋಳಿನಲ್ಲಿ. ಕಂಟ್ರೋಲ್ ಆರ್ಮ್ ಎಂದು ಕರೆಯುವ ಈ ಉಕ್ಕಿನ ತೋಳಿನ ಒಂದು ತುದಿ ಗಾಡಿಯ ಚೌಕಟ್ಟಿಗೂ ಇನ್ನೊಂದು ತುದಿ ಗಾಲಿಯ ಕಡೆಗೂ ಸೇರಿರುತ್ತದೆ. ಭಾರವನ್ನು ಹೊರುವುದು ಸ್ಪ್ರಿಂಗಿನ ಕೆಲಸ. ಗಾಲಿಯು ಮೇಲೆ ಕೆಳಗೆ ಆಡುವಾಗ ಅದು ಯಾವ ಜಾಗದಲ್ಲಿ, ಯಾವ ಓರೆಯಲ್ಲಿ ಇರಬೇಕೆಂದು ನಿಶ್ಚಯಿಸುವುದು ತೋಳಿನ ಕೆಲಸ. ಹಳೆಯ ವಿಲ್ಲೀಸ್ ಜೀಪಿನಲ್ಲಿಯೂ 1985ರಲ್ಲಿ ಬಂದ ಜಿಪ್ಸಿಯಲ್ಲಿಯೂ ಇಂಥ ತೋಳುಗಳಿರಲಿಲ್ಲ. ಅವುಗಳ ಪಟ್ಟಿಸ್ಪ್ರಿಂಗುಗಳೇ ಭಾರವನ್ನೂ ಹೊತ್ತು ಅಚ್ಚನ್ನೂ ಹಿಡಿದಿಡುತ್ತಿದ್ದವು. ಸುರುಳಿಸ್ಪ್ರಿಂಗು ಒತ್ತಡವನ್ನಷ್ಟೇ ತಾಳಬಲ್ಲದು. ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಎಳೆದರೆ ಅದು ಬಾಗಿಹೋಗುತ್ತದೆ. ಸುರುಳಿ ಬಂದಲ್ಲಿ ತೋಳೂ ಬರಲೇಬೇಕಾಯಿತು.

2023ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಜಿಮ್ನಿಯಲ್ಲಿ ಮುಂದೆಯೂ ಹಿಂದೆಯೂ ಚಕ್ಕಡಿಯಲ್ಲಿರುವಂತೆ ಇಡಿಯಾದ ಅಚ್ಚು ಇದೆ. ಮುಂದಿನ ಅಚ್ಚಿಗೆ ಬಿಗಿದ ಎರಡು ಉದ್ದ ತೋಳುಗಳು ಹಿಂದಕ್ಕೆ ಚಾಚಿ ಚೌಕಟ್ಟನ್ನು ಸೇರುತ್ತವೆ. ಗಾಡಿಯನ್ನು ಎತ್ತಿದಾಗ ತೋಳಿನ ಹಿಂದಿನ ತುದಿ ಮೇಲೇರುತ್ತದೆ, ಅದರೊಡನೆ ಅಚ್ಚೂ ಹೊರಳುತ್ತದೆ. ತೋಳಿನ ಉದ್ದ 80 ಸೆಂಟಿಮೀಟರು, ಎತ್ತಿದ್ದು 5 ಸೆಂಟಿಮೀಟರು ಎಂದಿಟ್ಟುಕೊಂಡರೆ ಅಚ್ಚು ಸುಮಾರು 3.6 ಡಿಗ್ರಿ ಹೊರಳಿದಂತಾಯಿತು. ಇದೇನು ಮಹಾ ಎನ್ನಬಹುದು. ಆದರೆ ಸೈಕಲ್ಲಿನ ಮುಂದಿನ ಕವಲು ಹಿಂದಕ್ಕೆ ಓರೆಯಾಗಿರುವುದನ್ನು ವಾಚಕರು ನೋಡಿಯೇ ಇದ್ದಾರೆ. ಹ್ಯಾಂಡಲು ತಾನಾಗಿ ನೇರಕ್ಕೆ ಬರಲು ಆ ಓರೆಯೂ ಒಂದು ಕಾರಣ. ಮೋಟಾರಿನಲ್ಲಿ ಇದಕ್ಕೆ ಕ್ಯಾಸ್ಟರ್ ಎಂದು ಹೆಸರು. ಇಂಥ ಗಾಡಿಗಳಲ್ಲಿ ಅದು ಇರುವುದೇ ಕೆಲವು ಡಿಗ್ರಿ. ಅದರಲ್ಲಿ ಮೂರೂವರೆ ಕಳೆದುಹೋದರೆ ಉಳಿಯುವುದೆಷ್ಟು? ನಮ್ಮ ಪರಿಚಿತರ ಸ್ಟೀಯರಿಂಗು ಮಾತು ಕೇಳದೆ ಹೋದದ್ದು ಹೀಗೆ.

ಇದಕ್ಕೆ ಪರಿಹಾರ ಎರಡು ಬಗೆ. ನಡುವನ್ನು ಬಿಟ್ಟು ಪಕ್ಕಕ್ಕೆ ಸರಿದ ತೂತುಳ್ಳ ಬುಷ್‌ಗಳನ್ನು ಹಳೆಯ ತೋಳಿಗೇ ಹಾಕುವುದು ಒಂದು. ಬೋಲ್ಟಿನ ಜಾಗವನ್ನೇ ಬದಲಿಸಿ ತಯಾರಿಸಿದ ಹೊಸ ತೋಳನ್ನು ಕೊಳ್ಳುವುದು ಇನ್ನೊಂದು. ಒಂದೂವರೆ ಅಂಗುಲದವರೆಗೆ ಮೊದಲನೆಯದೇ ಸಾಕೆಂದು ನಮ್ಮ ಎಣಿಕೆ; ಎರಡು ಅಂಗುಲ ಮುಟ್ಟಿದರೆ ಹೊಸ ತೋಳೇ ಲೇಸು. ಇಲ್ಲಿ ಒಂದು ತೊಡಕೂ ಉಂಟು. ಕ್ಯಾಸ್ಟರನ್ನು ಮರಳಿ ಪಡೆಯಲು ಅಚ್ಚನ್ನು ಹಿಂದಕ್ಕೆ ಹೊರಳಿಸಿದಾಗ, ಎಂಜಿನ್ನಿನ ಬಲವನ್ನು ತರುವ ದಂಡವು ಅಚ್ಚನ್ನು ಸೇರುವ ಮೂತಿ ಕೆಳಮುಖವಾಗುತ್ತದೆ, ಅಲ್ಲಿಯ ಕೀಲು ಹೆಚ್ಚು ಬಾಗಬೇಕಾಗುತ್ತದೆ. ಎತ್ತರ ಹೆಚ್ಚಿದಷ್ಟೂ ಒಂದನ್ನು ಸರಿಪಡಿಸಹೋದರೆ ಇನ್ನೊಂದು ಕೆಡುವ ಸ್ಥಿತಿ ಬರುತ್ತದೆ.

2020ರ ಥಾರ್ ಗಾಡಿಯ ಮುಂಭಾಗ ಬೇರೆ ಬಗೆಯದು. ಅಲ್ಲಿ ಎರಡು ಗಾಲಿಗಳೂ ಸ್ವತಂತ್ರ. ಒಂದೊಂದು ಗಾಲಿಗೂ ಮೇಲೊಂದು ಕೆಳಗೊಂದು ತೋಳು. ಇಂಥ ಗಾಡಿಗಳಲ್ಲಿ ಸ್ಪ್ರಿಂಗಿನ ಬುಡ ಕೆಳತೋಳಿನ ನಡುವೆಲ್ಲೋ ಕುಳಿತಿರುವುದರಿಂದ, ಸ್ಪ್ರಿಂಗಿನ ತಲೆಗೆ ಒಂದು ಅಂಗುಲದ ಬಿಲ್ಲೆ ಇಟ್ಟರೆ ಗಾಡಿ ಒಂದು ಅಂಗುಲವಲ್ಲ, ಹೆಚ್ಚುಕಡಿಮೆ ಎರಡು ಅಂಗುಲ ಏರುತ್ತದೆ. ಇದನ್ನರಿಯದೆ ಎರಡಂಗುಲದ ಬಿಲ್ಲೆ ಇಟ್ಟವರುಂಟು. ಅದರ ಫಲವನ್ನು ಲೆಕ್ಕ ಹಾಕಿ ನೋಡೋಣ. ಮೇಲಿನ ತೋಳು 30 ಸೆಂಟಿಮೀಟರು, ಕೆಳಗಿನದು 40. ಮೊದಲಿಗೆ ಎರಡೂ ಮಟ್ಟವಾಗಿವೆ ಎಂದುಕೊಳ್ಳಿ. ಗಾಡಿ 5 ಸೆಂಟಿಮೀಟರು ಏರಿದಾಗ ಮೇಲಿನ ತೋಳಿನ ತುದಿ 4.2 ಮಿಲಿಮೀಟರು ಒಳಕ್ಕೆ ಸರಿದರೆ ಕೆಳಗಿನದು 3.1 ಮಿಲಿಮೀಟರು ಸರಿಯುತ್ತದೆ. ಅಂತರ ಒಂದು ಮಿಲಿಮೀಟರಿನಷ್ಟು. ಅದೇ 10 ಸೆಂಟಿಮೀಟರು ಎತ್ತಿದರೆ ಅಂತರ ನಾಲ್ಕೂವರೆ ಮಿಲಿಮೀಟರಾಗುತ್ತದೆ. ಎತ್ತರ ಇಮ್ಮಡಿ, ತಪ್ಪು ನಾಲ್ಮಡಿ! ಗಾಲಿ ಅಷ್ಟಕ್ಕೆ ತಕ್ಕಂತೆ ವಾಲುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಯಾವ ಕಡೆಗೆ ವಾಲುವುದೆಂಬುದು ತೋಳುಗಳಿಗೆ ಕಾರ್ಖಾನೆಯವರು ಮೊದಲೇ ಕೊಟ್ಟಿರುವ ಇಳಿಜಾರನ್ನು ಅವಲಂಬಿಸಿದೆ.

ಇಂಥ ಗಾಡಿಗೆ ಬೇಕಾದುದು ಹೊಸ ಮೇಲ್ತೋಳು. ಅದನ್ನು ಕೊಳ್ಳುವಾಗ ಬಹುಮಂದಿ ಕೇಳುವ ಪ್ರಶ್ನೆ, ಕೊಳವೆ ಎಷ್ಟು ದಪ್ಪ, ಬಣ್ಣ ಯಾವುದು ಎಂದು. ಕೇಳಬೇಕಾದುದು ಬೇರೆ. ಗಾಲಿ ಪೂರ್ತಿ ಕೆಳಗೆ ಜೋತುಬಿದ್ದಾಗ ತುದಿಯ ಬಾಲ್ ಜಾಯಿಂಟು ಬಾಗುವ ಮಿತಿಯೊಳಗೇ ಇರುತ್ತದೆಯೇ? ಆಗ ತೋಳು ಸ್ಪ್ರಿಂಗಿಗೆ ತಾಗುವುದಿಲ್ಲವೇ? ಕ್ಯಾಸ್ಟರನ್ನೂ ವಾಲುವಿಕೆಯನ್ನೂ ತಿದ್ದಿಕೊಳ್ಳಲು ಆಸ್ಪದವಿದೆಯೇ? ಈ ಮೂರಕ್ಕೂ ಸಮಾಧಾನಕರವಾದ ಉತ್ತರವಿಲ್ಲದ ತೋಳು ಎಷ್ಟು ದಪ್ಪವಾಗಿದ್ದರೂ ವ್ಯರ್ಥ.

ಕೀಲುಗಳ ವಿಷಯದಲ್ಲಿ ನಮ್ಮ ನೆಲದ ಗುಣವನ್ನೂ ಗಮನಿಸಬೇಕು. ಪಂದ್ಯದ ಗಾಡಿಗಳಲ್ಲಿ ರಬ್ಬರಿನ ಬದಲು ಬರಿಯ ಉಕ್ಕಿನ ಗುಂಡುಕೀಲು ಹಾಕುವುದುಂಟು. ಅದು ಚೆನ್ನಾಗಿ ಬಾಗುತ್ತದೆ, ನಿಜ. ಆದರೆ ಎರೆಮಣ್ಣಿನ ನುಣ್ಣನೆಯ ಧೂಳು ಒಳಹೊಕ್ಕು, ಮೇಲೆ ಮಳೆಯ ರಾಡಿಯೂ ಸೇರಿದರೆ ಅದು ಅರೆಯುವ ಪುಡಿಯಂತೆ ಕೀಲನ್ನು ತಿಂದುಹಾಕುತ್ತದೆ. ತೋಟಕ್ಕೂ ಪೇಟೆಗೂ ದಿನವೂ ಓಡುವ ಗಾಡಿಗೆ ರಬ್ಬರಿನ ಬುಷ್, ಮುಸುಕು ಹೊದಿಸಿದ ಬಾಲ್ ಜಾಯಿಂಟು, ಇವೇ ತಕ್ಕವು. ಹಳೆಯ ತೋಳನ್ನೇ ಕೊಯ್ದು ಬೆಸುಗೆ ಹಾಕಿಸಿ ಉದ್ದ ಮಾಡುವುದನ್ನಂತೂ ಯಾರೂ ಮಾಡಬಾರದು. ಬೆಸುಗೆಯ ಕಾವು ತಗಲಿದ ಪಕ್ಕದಲ್ಲಿ ಉಕ್ಕಿನ ಗುಣ ಬದಲಾಗಿರುತ್ತದೆ. ಬ್ರೇಕು ಒತ್ತಿದಾಗ ಗಾಲಿಯ ಎಳೆತವೆಲ್ಲ ಬೀಳುವುದು ಆ ತೋಳಿನ ಮೇಲೆಯೇ.

ಜೋಡಣೆಯಲ್ಲಿ ಒಳ್ಳೆಯ ಮಿಸ್ತ್ರಿಗಳೂ ಮರೆಯುವ ಒಂದು ಸೂಕ್ಷ್ಮವುಂಟು. ಗಾಡಿ ಜಾಕಿನ ಮೇಲೆ, ಗಾಲಿ ಜೋತಾಡುತ್ತಿರುವಾಗಲೇ ಬುಷ್‌ಗಳ ಬೋಲ್ಟನ್ನು ಪೂರ್ತಿ ಬಿಗಿದರೆ, ಗಾಡಿ ನೆಲಕ್ಕಿಳಿದೊಡನೆ ಒಳಗಿನ ರಬ್ಬರು ತಿರುಚಿಕೊಳ್ಳುತ್ತದೆ. ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ. ಗಾಡಿ ತನ್ನ ಗಾಲಿಗಳ ಮೇಲೆ ನಿಂತ ಬಳಿಕವೇ ಕೊನೆಯ ಬಿಗಿತ. ಅನಂತರ ಗಾಲಿಯ ಅಲೈನ್‌ಮೆಂಟನ್ನು ನೋಡಿಸಿ, ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ನೋಡಿಸಬೇಕು.

ಕಾಯಿದೆಯ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿ ನೋಂದಣಿ ಪತ್ರದಲ್ಲಿ ಸೇರಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಕೂಡದು. ಹಣ ಸುರಿಯುವ ಮುನ್ನ ಆರ್‌ಟಿಒ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸಿಕೊಳ್ಳುವುದು ಕ್ಷೇಮ.

ಇಷ್ಟೆಲ್ಲ ಮಾಡಿದರೂ ಇಡಿಯಾದ ಅಚ್ಚಿನ ಗಾಡಿಯಲ್ಲಿ ಏರುವುದು ಗಾಡಿಯ ಮೈ ಮಾತ್ರ. ಅಚ್ಚಿನ ನಡುವಣ ಉಬ್ಬು ಮೊದಲಿದ್ದಷ್ಟೇ ಎತ್ತರದಲ್ಲಿ ಉಳಿಯುತ್ತದೆ. ಅದನ್ನು ಏರಿಸುವುದು ದೊಡ್ಡ ಟೈರು ಒಂದೇ. ಇನ್ನು ಹಸಿ ಎರೆಯಲ್ಲಿ ಟೈರಿನ ಹಲ್ಲುಗಳೆಲ್ಲ ಮಣ್ಣಿನಿಂದ ಮುಚ್ಚಿ ಗಾಲಿ ನುಣುಪಾದ ಉರುಳೆಯಾದಾಗ ಎತ್ತರವಾಗಲಿ ತೋಳಾಗಲಿ ಉಪಕಾರಕ್ಕೆ ಬಾರದು. ಡೋಣಿಯ ದಂಡೆಯ ಒಕ್ಕಲಿಗರು ಮಳೆ ನಿಂತ ಮೇಲೂ ಎರಡು ದಿನ ಚಕ್ಕಡಿ ಹೂಡದೆ ಕಾಯುವುದು ಸುಮ್ಮನಲ್ಲ.

ನಮ್ಮ ಪರಿಚಿತರು ಕೊನೆಗೆ ಅರ್ಧ ಅಂಗುಲ ಇಳಿಸಿ, ಓರೆತೂತಿನ ಬುಷ್‌ಗಳನ್ನು ಹಾಕಿಸಿದರು. ಕಳೆದ ಸಲ ಅವರೊಡನೆ ಬಬಲೇಶ್ವರಕ್ಕೆ ಹೋದಾಗ ಅವರು ತಿರುವೊಂದರಲ್ಲಿ ಹಿಡಿತವನ್ನು ಸಡಿಲಿಸಿ ತೋರಿಸಿದರು. ಚಕ್ರವು ಅಂಗೈಯೊಳಗೆ ಜಾರುತ್ತ ತಾನಾಗಿ ನೇರಕ್ಕೆ ಬಂದು ನಿಂತಿತು.