ಆಯಿಗೆ ಬಂದ ಇಂಗ್ಲಿಷ್ ಓಲೆ

ಕಳೆದ ಶ್ರಾವಣ ಮಾಸದಲ್ಲಿ ವಚನಗೋಷ್ಠಿಯ ನಿಮಿತ್ತ ಮಂಗಳೂರಿಗೆ ಹೋದಾಗ ಕದ್ರಿಯಲ್ಲಿರುವ ಶರಣ ಕುಟುಂಬವೊಂದರಲ್ಲಿ ಎರಡು ದಿನ ತಂಗುವ ಪ್ರಸಂಗ ನಮಗೆ ಒದಗಿತು. ಆ ಮನೆತನದವರು ಮೂಲತಃ ಧಾರವಾಡದ ಕಡೆಯವರು. ಪಣಂಬೂರಿನ ಬಂದರಿನಲ್ಲಿ ನೌಕರಿ ದೊರೆತು ಬಂದ ಯಜಮಾನರು ನಿವೃತ್ತಿಯ ನಂತರವೂ ಕಡಲ ತೀರದಲ್ಲಿಯೇ ನೆಲೆನಿಂತಿದ್ದಾರೆ. ಅವರ ತಾಯಿ ಎಂಬತ್ತು ದಾಟಿದ ಹಿರಿಯ ಜೀವ. ಹೊತ್ತಿಗೆ ಸರಿಯಾಗಿ ಇಷ್ಟಲಿಂಗ ಪೂಜೆ, ಅನಂತರ ಕನ್ನಡಕ ಏರಿಸಿಕೊಂಡು ವಚನಗಳ ಪಠಣ. ಕನ್ನಡ ಏಳನೆಯ ಇಯತ್ತೆಯವರೆಗೆ ಓದಿದವರಾದ್ದರಿಂದ ಪತ್ರಿಕೆಯ ಒಂದಕ್ಷರವನ್ನೂ ಬಿಡುವವರಲ್ಲ. ಕಿವಿ ಮಾತ್ರ ಮಂದವಾಗಿದೆ.

ಮೊಮ್ಮಗ ಇಂಜಿನಿಯರು. ಮೂರು ವರ್ಷಗಳಿಂದ ಜಪಾನಿನ ನಗೋಯಾ ನಗರದ ಕಾರ್ಖಾನೆಯೊಂದರಲ್ಲಿದ್ದಾನೆ. ದೂರವಾಣಿಯಲ್ಲಿ ಆಡಿದ್ದು ಆಯಿಗೆ ಕೇಳಿಸದು. ಆದುದರಿಂದ ಹದಿನೈದು ದಿನಕ್ಕೊಮ್ಮೆ ಅವಳ ಹೆಸರಿಗೆಂದೇ ಉದ್ದನೆಯ ಇ-ಮೇಲ್ ಕಳಿಸುತ್ತಾನೆ. ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ; ಕನ್ನಡ ಮಾತನಾಡುವುದು ಬರುತ್ತದೆ, ಬರೆಯುವ ರೂಢಿ ತಪ್ಪಿದೆ. ಹೀಗಾಗಿ ಓಲೆ ಇಂಗ್ಲಿಷಿನಲ್ಲಿ. ಸಾಮಾನ್ಯವಾಗಿ ಮಗನೇ ಅದನ್ನು ಅರ್ಥೈಸಿ ಹೇಳುವುದು. ಒಮ್ಮೆ ಮಗ-ಸೊಸೆ ಊರಿಗೆ ಹೋಗಿದ್ದಾಗ ಬಂದ ಓಲೆಯನ್ನು ನೆರೆಮನೆಯ ಕಾಲೇಜು ಹುಡುಗ ಓದಿ ಹೇಳಿದ. ಅವನ ಮನೆಮಾತು ತುಳು, ಸಭ್ಯ ಹುಡುಗ. ಹಿರಿಯರೆಂಬ ಗೌರವದಿಂದ ಎಲ್ಲಕ್ಕೂ ಬಹುವಚನ ಹಚ್ಚಿದ. "ನೀವು ಆರೋಗ್ಯವಾಗಿದ್ದೀರಾ? ನಾನು ನಿಮ್ಮನ್ನು ಕಳೆದುಕೊಳ್ಳುತ್ತಿದ್ದೇನೆ" ಎಂದು ಓದಿಬಿಟ್ಟ.

ಆಯಿ ಅಂದು ರಾತ್ರಿ ಊಟ ಮಾಡಲಿಲ್ಲವಂತೆ. ನಮ್ಮೆದುರು ಈ ಮಾತು ಬಂದಾಗಲೂ ಕಣ್ಣು ಒದ್ದೆಯಾಗಿದ್ದುವು. "ಶಾಸ್ತ್ರಿಗಳ, ಹುಟ್ಟಿದಾಗಿಂದ ಆಯಿ ನೀ ಬಾ, ನೀ ಉಣ್ಣು ಅಂದಾಂವ ಅಂವ. ಈಗ ನನಗ ನೀವು ಅಂತಾನ್ರೀ. ಮ್ಯಾಲ ಕಳಕೊಳ್ಳಾಕ ಹತ್ತೀನಿ ಅಂತಾನ. ನಾ ಇನ್ನೂ ಇದ್ದೀನಲ್ರೀ!"

ಊರಿನಿಂದ ಹಿಂದಿರುಗಿದ ಮಗ ಓಲೆಯನ್ನು ನೋಡಿ, ಹುಡುಗ ಬರೆದದ್ದು 'ನಿನ್ನ ನೆನಪು ಬಹಳ ಆಗುತ್ತದೆ' ಎಂದು ಎಂಬುದನ್ನು ತಿಳಿಸಿದನಂತೆ. ತಪ್ಪು ಯಾರದೂ ಅಲ್ಲ. ಇಂಗ್ಲಿಷಿನಲ್ಲಿ ಅಜ್ಜಿಗೂ ಮಗುವಿಗೂ ಅಧಿಕಾರಿಗೂ ಒಂದೇ ಸರ್ವನಾಮ. ಅದನ್ನು ಕನ್ನಡಕ್ಕೆ ತರುವಾಗ 'ನೀನು' ಎನ್ನಬೇಕೋ 'ನೀವು' ಎನ್ನಬೇಕೋ ಎಂಬುದನ್ನು ಓದುವವನೇ ನಿರ್ಧರಿಸಬೇಕಾಗುತ್ತದೆ. ಕರಾವಳಿಯ ಹುಡುಗನಿಗೆ ಗೌರವವಾಗಿ ಕಂಡದ್ದು ಧಾರವಾಡದ ಆಯಿಗೆ ಪರಕೀಯತೆಯಾಗಿ ಕೇಳಿಸಿತು.

ಆ ಸಂಜೆ ಮೊಮ್ಮಗನೊಡನೆ ನಾವೂ ದೂರವಾಣಿಯಲ್ಲಿ ಮಾತನಾಡಿದೆವು. ಈ ಸಂಗತಿಯನ್ನು ಕೇಳಿ ಅವನು ನೊಂದುಕೊಂಡ. ಬಳಿಕ, "ಇಲ್ಲಿ ನನಗೂ ಇದೇ ಆಗಿದೆ ಅಜ್ಜಾರ" ಎಂದು ತನ್ನ ಕಚೇರಿಯ ಅನುಭವವನ್ನು ಬಿಚ್ಚಿದ. ಜಪಾನೀ ಸಹೋದ್ಯೋಗಿಗಳೊಡನೆ ಅವನ ಪತ್ರವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಅದು ಅವರದೂ ಅಲ್ಲ, ಇವನದೂ ಅಲ್ಲ. ಮೊದಲ ತಿಂಗಳಲ್ಲಿ ಇವನು 'ಈ ನಕ್ಷೆಯನ್ನು ಇಂದೇ ಕಳಿಸಿ' ಎಂದು ಒಂದೇ ಸಾಲು ಬರೆದಿದ್ದ. ನಕ್ಷೆ ಬಂತು, ಆದರೆ ಕಳಿಸಿದ ಹಿರಿಯ ನೌಕರ ಎರಡು ದಿನ ಇವನೊಡನೆ ಮಾತೇ ಆಡಲಿಲ್ಲ. ಅವರ ಕಾಗದದಲ್ಲಿ ಮೊದಲು 'ಸದಾ ತಮ್ಮ ಉಪಕಾರಕ್ಕೆ ಪಾತ್ರರಾಗಿದ್ದೇವೆ' ಎಂಬ ಅರ್ಥದ ಮಾತು ಬರಬೇಕು. ಕೊನೆಗೆ 'ಯೊರೊಶಿಕು ಒನೆಗಾಯ್ ಶಿಮಾಸು' ಎಂಬುದು ಬರಬೇಕು. ಈ ಕೊನೆಯ ಮಾತಿಗೆ ಇಂಗ್ಲಿಷಿನಲ್ಲಿ ಸರಿಸಾಟಿ ಇಲ್ಲ. ಜಪಾನೀಯರು ಅದನ್ನು ಪದಶಃ ಇಂಗ್ಲಿಷಿಗೆ ತಂದಾಗ ವಿಚಿತ್ರವಾಗಿ ತೋರುತ್ತದೆಂದು ಹುಡುಗ ನಕ್ಕ. ನಮಗೆ ನಗು ಬರಲಿಲ್ಲ. 'ತಮ್ಮ ಕೃಪೆ ನಮ್ಮ ಮೇಲಿರಲಿ' ಎಂದು ಕಾಗದ ಮುಗಿಸುತ್ತಿದ್ದ ನಮ್ಮ ಹಿರಿಯರ ಬರಹವನ್ನು ಇಂಗ್ಲಿಷಿಗೆ ತಂದರೆ ಅದೂ ವಿಚಿತ್ರವಾಗಿಯೇ ತೋರೀತು.

ಜಪಾನೀ ಭಾಷೆಯಲ್ಲಿ ಎದುರಿನವರನ್ನು ಏರಿಸಿ ಹೇಳುವ ಕ್ರಿಯಾಪದಗಳು ಬೇರೆ, ತನ್ನನ್ನು ಇಳಿಸಿಕೊಂಡು ಹೇಳುವವು ಬೇರೆ. ಹೆಸರಿನ ಮುಂದೆ 'ಸಾನ್' ಎಂದೋ ಇನ್ನೂ ಗೌರವದ 'ಸಾಮಾ' ಎಂದೋ ಹಚ್ಚುತ್ತಾರೆ, ನಾವು 'ಅವರೇ' ಎನ್ನುವ ಹಾಗೆ. 'ನೀನು' ಎಂಬರ್ಥದ ಸರ್ವನಾಮವನ್ನು ಹಿರಿಯರೊಡನೆ ಬಳಸುವುದೇ ಇಲ್ಲ. ತಾಯಿಯನ್ನು 'ತಾಯಿ' ಎಂದೇ, ಗುರುವನ್ನು 'ಗುರು' ಎಂದೇ ಕರೆಯುತ್ತಾರೆ. ವಿನಯವನ್ನೇ ನಡೆಯಾಗಿಸಿಕೊಂಡ ಶರಣ ಪರಂಪರೆಯವರಾದ ನಮಗೆ ಇದು ಹೃದ್ಯವಾಗುತ್ತದೆ. ಆದರೂ ಒಂದು ಭೇದವನ್ನು ಹೇಳಲೇಬೇಕು. ಅವರ ಗೌರವ ವಾಚಕಗಳು ಬಹುಮಟ್ಟಿಗೆ ಪದವಿ, ವಯಸ್ಸುಗಳನ್ನು ನೋಡಿ ಹೊರಡುತ್ತವೆ. ನಮ್ಮ 'ಶರಣು ಶರಣಾರ್ಥಿ'ಯನ್ನು ಹಿರಿಯರು ಕಿರಿಯರಿಗೂ ಹೇಳಬಹುದು, ಯಜಮಾನ ಆಳಿಗೂ ಹೇಳಬಹುದು.

ಇನ್ನೊಂದು ಸಂಗತಿ. "ಊಟ ಆಗಲಿಲ್ಲವೇ?" ಎಂದು ಕೇಳಿದರೆ ಕನ್ನಡಿಗನು "ಹೌದು, ಆಗಲಿಲ್ಲ" ಎನ್ನುತ್ತಾನೆ. ಜಪಾನೀಯನೂ ಹಾಗೆಯೇ. ಇಂಗ್ಲಿಷಿನವನು "ಇಲ್ಲ, ಆಗಲಿಲ್ಲ" ಎನ್ನಬೇಕು. ಅಲ್ಲದೆ ಜಪಾನೀಯರ 'ಹಾಯ್' ಎಂಬುದಕ್ಕೆ ನಿಘಂಟು 'ಹೌದು' ಎಂದು ಅರ್ಥ ಕೊಟ್ಟರೂ ಎಷ್ಟೋ ಸಲ ಅದು ನಮ್ಮ ಹೂಂಗುಟ್ಟುವಿಕೆಯಷ್ಟೆ: 'ಕೇಳುತ್ತಿದ್ದೇನೆ, ಮುಂದೆ ಹೇಳಿ' ಎಂದು. ಅದನ್ನು ಒಪ್ಪಿಗೆಯೆಂದು ತಿಳಿದ ಪರದೇಶದವರು ಆಮೇಲೆ ಪೇಚಿಗೆ ಬೀಳುತ್ತಾರೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು, ವಿಭಕ್ತಿಯಂಥ ಪ್ರತ್ಯಯಗಳು ನಾಮಪದದ ನಂತರ ಹತ್ತುವುದು ಮುಂತಾದ ಹೋಲಿಕೆಗಳೂ ಉಂಟು. ಸುಸುಮು ಓನೊ ಎಂಬ ಜಪಾನೀ ವಿದ್ವಾಂಸರು ತಮಿಳಿಗೂ ಜಪಾನೀ ಭಾಷೆಗೂ ಸಂಬಂಧ ಕಲ್ಪಿಸಲು ಬಹಳ ಶ್ರಮಿಸಿದರು; ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ನಂಟಸ್ತಿಕೆಯ ವಿಚಾರ ಪಂಡಿತರಿಗಿರಲಿ. ಇಂಗ್ಲಿಷಿನ ಬಾಗಿಲಲ್ಲಿ ಜಪಾನೀಯನೂ ಕನ್ನಡಿಗನೂ ಎಡವುವ ಕಲ್ಲು ಒಂದೇ ಎಂಬುದಷ್ಟು ನಿಜ.

ಈ ಎಡವುವಿಕೆ ಅವರಿಗೆ ಹೊಸದಲ್ಲ. ಫುಕುಜಾವಾ ಯುಕಿಚಿ ಎಂಬ ತರುಣ ಡಚ್ ಭಾಷೆಯನ್ನು ಹಗಲಿರುಳು ಕಲಿತು 1859ರಲ್ಲಿ ಯೊಕೊಹಾಮಾ ಬಂದರಿಗೆ ಹೋಗಿ ನೋಡಿದರೆ, ಅಲ್ಲಿಯ ಅಂಗಡಿಗಳ ಹಲಗೆಯ ಮೇಲಿನ ಅಕ್ಷರವನ್ನೇ ಓದಲಾಗಲಿಲ್ಲ. ಎಲ್ಲವೂ ಇಂಗ್ಲಿಷು. ಮರುದಿನದಿಂದಲೇ ಹೊಸದಾಗಿ ಆರಂಭಿಸಿದ ಆ ಮನುಷ್ಯ ಮುಂದೆ ಕೇಯೋ ವಿಶ್ವವಿದ್ಯಾಲಯದ ಸಂಸ್ಥಾಪಕನೆನಿಸಿದ. ಇನ್ನೊಬ್ಬ ಮೋರಿ ಅರಿನೋರಿ. ಅವನದು ಇನ್ನೂ ಅವಸರದ ಸ್ವಭಾವ. ಜಪಾನೀ ಭಾಷೆ ಹೊಸ ಕಾಲಕ್ಕೆ ಸಾಲದು, ಇಂಗ್ಲಿಷನ್ನೇ ತಂದುಕೊಳ್ಳೋಣ ಎಂದು ಯೋಚಿಸಿ 1872ರಲ್ಲಿ ಅಮೆರಿಕದ ವಿಲಿಯಂ ಡ್ವೈಟ್ ವಿಟ್ನಿಯವರಿಗೆ ಕಾಗದ ಬರೆದ. ಅಥರ್ವವೇದದ ಪಾಠವನ್ನು ಸಂಪಾದಿಸಿದ, ಸಂಸ್ಕೃತ ವ್ಯಾಕರಣದ ಮಹಾಪಂಡಿತರಾದ ಅದೇ ವಿಟ್ನಿ. ಇಂಗ್ಲಿಷು ಯಾರ ತಾಯಿನುಡಿಯೋ ಅವರೇ ಬೇಡವೆಂದು ಬುದ್ಧಿ ಹೇಳಿದರು. ಜನರಿಗೆ ವಿದ್ಯೆ ತಲುಪಬೇಕಾದರೆ ಅವರ ಭಾಷೆಯಲ್ಲಿಯೇ ತಲುಪಬೇಕೆಂಬುದು ಅವರ ಅಭಿಪ್ರಾಯ. ಮೋರಿ 1885ರಲ್ಲಿ ಜಪಾನಿನ ಮೊದಲ ಶಿಕ್ಷಣ ಮಂತ್ರಿಯಾದರೂ ಶಾಲೆಗಳಲ್ಲಿ ಜಪಾನೀ ಭಾಷೆಯೇ ಉಳಿಯಿತು. ಅಲ್ಲಿ ಇಂಗ್ಲಿಷು ಪ್ರಾಥಮಿಕ ಶಾಲೆಯ ಐದು ಮತ್ತು ಆರನೆಯ ತರಗತಿಗಳಿಗೆ ವಿಧಿವತ್ತಾದ ಪಾಠವಿಷಯವಾದದ್ದು 2020ರಲ್ಲಿ. ಅಷ್ಟು ತಡವಾದದ್ದರಿಂದ ಮಾತನಾಡಲು ಹಿಂಜರಿಯುತ್ತಾರೆ ಎಂಬ ದೂರು ಅವರಲ್ಲಿಯೇ ಉಂಟು. ನಮ್ಮ ಮಕ್ಕಳು ನಿರರ್ಗಳವಾಗಿ ಇಂಗ್ಲಿಷ್ ಆಡುತ್ತಾರೆ, ಅಜ್ಜಿಗೆ ನಾಲ್ಕು ಸಾಲು ಬರೆಯಲಾರರು. ಯಾವ ಕೊರತೆ ದೊಡ್ಡದೆಂಬುದನ್ನು ಆಯಿಯ ಮನೆಯಲ್ಲಿ ಕೂತು ಯೋಚಿಸಿದಾಗ ನಮಗೆ ಸಂದೇಹವೇ ಉಳಿಯಲಿಲ್ಲ.

ಆದರೆ ಬರೆಯುತ್ತೇನೆಂದರೂ ಯಂತ್ರ ಒಪ್ಪಬೇಕಲ್ಲ? ಕಂಪ್ಯೂಟರು ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿ ಹುಟ್ಟಿದ ಯಂತ್ರ. ಜಪಾನೀಯರಿಗೆ ದಿನಬಳಕೆಗೆಂದು ಗೊತ್ತುಮಾಡಿದ ಚಿತ್ರಾಕ್ಷರಗಳೇ 2,136. ಜೊತೆಗೆ ಎರಡು ಬಗೆಯ ಉಚ್ಚಾರಾಕ್ಷರಗಳು. 1978ರಲ್ಲಿ ತೋಶಿಬಾ ಕಂಪನಿ ಹೊರತಂದ ಮೊದಲ ಜಪಾನೀ ಬರಹಯಂತ್ರದ ಬೆಲೆ 63 ಲಕ್ಷ ಯೆನ್, ಗಾತ್ರ ಒಂದು ಮೇಜಿನಷ್ಟು. ಉಚ್ಚಾರವನ್ನು ಒತ್ತಿದರೆ ಯಂತ್ರವೇ ಚಿತ್ರಾಕ್ಷರಗಳನ್ನು ಮುಂದಿಡುತ್ತದೆ, ಬೇಕಾದುದನ್ನು ಆರಿಸಿಕೊಳ್ಳಬೇಕು. 1984ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯಗಳ ಗಣಕಗಳನ್ನು ಜೋಡಿಸಿದಾಗ ಜಪಾನೀ ಲಿಪಿಯಲ್ಲಿ ಪತ್ರ ಸಾಗುವ ಕ್ರಮವನ್ನೂ ಕ್ರಮೇಣ ರೂಪಿಸಿಕೊಂಡರು. ಆದರೂ ಒಂದು ಯಂತ್ರದ ಸಂಕೇತ ಇನ್ನೊಂದಕ್ಕೆ ತಿಳಿಯದೆ ಕಾಗದವೆಲ್ಲ ಕಲಸುಮೇಲೋಗರವಾಗುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು 'ಮೊಜಿಬಾಕೆ': ಅಕ್ಷರ ವೇಷ ಬದಲಿಸುವುದು ಎಂಬರ್ಥ. ನಮ್ಮ ಹುಡುಗರು ಫೋನಿನಲ್ಲಿ ಕಳಿಸುವ ನಗುಮುಖದ 'ಇಮೋಜಿ'ಯಲ್ಲಿರುವುದೂ ಇದೇ 'ಮೊಜಿ'. 'ಎ' ಎಂದರೆ ಚಿತ್ರ, 'ಮೊಜಿ' ಎಂದರೆ ಅಕ್ಷರ. 1999ರಲ್ಲಿ ಜಪಾನಿನ ಮೊಬೈಲ್ ಸೇವೆಯೊಂದಕ್ಕಾಗಿ ಶಿಗೆತಾಕಾ ಕುರಿತಾ ಎಂಬವರು ರಚಿಸಿದ 176 ಚಿತ್ರಗಳಿಂದ ಅದು ಹಬ್ಬಿತು. ಚುಟುಕು ಪತ್ರದಲ್ಲಿ ಮುಖಭಾವ ಕಾಣದೆ ಅಪಾರ್ಥವಾದೀತೆಂಬ ಭಯವಿದ್ದ ಜನರಿಗೆ ಅದು ಒದಗಿಬಂದದ್ದು ಸಹಜವೇ.

ಅಕ್ಷರ ವೇಷ ಬದಲಿಸುವ ಆಟವನ್ನು ಕನ್ನಡಿಗರೂ ಕಂಡವರೇ. ಒಂದು ಫಾಂಟಿನಲ್ಲಿ ಬರೆದ ಲೇಖನವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನಾವು ಕಳಿಸಿದ ಎಷ್ಟೋ ಬರಹಗಳು ಹೀಗೆ ಹಿಂದಿರುಗಿದ್ದುಂಟು. ಎಲ್ಲ ಲಿಪಿಗಳಿಗೂ ಒಂದೊಂದು ಸ್ಥಿರ ಸ್ಥಾನವನ್ನು ಕೊಟ್ಟ ಯೂನಿಕೋಡ್ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದೆ. ಅದು ಮನೆಯ ಕಂಪ್ಯೂಟರುಗಳಿಗೆ ಇಳಿದುಬರಲು ಮತ್ತೆ ಹತ್ತು ವರ್ಷ ಬೇಕಾಯಿತು.

ಬೆರಳುಗಳಿಗೆ ಕನ್ನಡವನ್ನು ಕಲಿಸಿಕೊಟ್ಟ ಮಹನೀಯರು ಮಂಗಳೂರಿನ ಸಮೀಪದ ಕಿನ್ನಿಕಂಬಳದವರು ಎಂಬುದನ್ನು ಆ ಮನೆಯವರಿಗೆ ಹೇಳಿದಾಗ ಅವರಿಗೇ ಆಶ್ಚರ್ಯವಾಯಿತು. ಕಿನ್ನಿಕಂಬಳ ಪದ್ಮನಾಭ ರಾವ್, ಜನ ಕರೆಯುವುದು ಕೆ. ಪಿ. ರಾವ್ ಎಂದು. ಮುದ್ರಣದ ಅಕ್ಷರ ಜೋಡಣೆಯ ತಂತ್ರದಲ್ಲಿ ಪಳಗಿದ ಅವರು, ಬೇರೆ ಕೀಲಿಮಣೆಯೇ ಬೇಡವೆನಿಸುವಂತೆ ಇಂಗ್ಲಿಷಿನ 26 ಕೀಲಿಗಳ ಮೇಲೆಯೇ ಕನ್ನಡವನ್ನು ಧ್ವನಿಗನುಸಾರವಾಗಿ ಕೂಡಿಸಿದರು. 'ಕೆ' ಒತ್ತಿದರೆ ಕ. ಮೇಲ್ಗಡೆಯ ಕೀಲಿಯನ್ನು ಜೊತೆಗೆ ಹಿಡಿದರೆ ಖ. ಅದರ ಮುಂದೆ ಸ್ವರ ಒತ್ತಿದರೆ ಗುಣಿತ. ನಮ್ಮ ವ್ಯಾಕರಣಕಾರರು ವ್ಯಂಜನ-ಸ್ವರಗಳನ್ನು ಬಿಡಿಸಿ ಹೇಳಿದ ಕ್ರಮವೇ ಅದರ ಬೆನ್ನೆಲುಬು. ಅದರ ಮೇಲೆ ಹಕ್ಕು ಕಟ್ಟಿಕೊಳ್ಳದೆ ನಾಡಿಗೆ ಬಿಟ್ಟುಕೊಟ್ಟರು. ಸರ್ಕಾರ ಅದೇ ವಿನ್ಯಾಸವನ್ನು ಅಂಗೀಕರಿಸಿತು, 'ನುಡಿ' ತಂತ್ರಾಂಶ ಅದನ್ನೇ ಅಳವಡಿಸಿಕೊಂಡಿತು. ಇದನ್ನು ಅಕ್ಷರ ದಾಸೋಹವೆಂದು ಕರೆದರೆ ತಪ್ಪಾಗಲಾರದು.

ಮಂಗಳೂರಿಗೆ ಇದು ಎರಡನೆಯ ಪುಣ್ಯ. 1836ರಲ್ಲಿ ಈ ಊರಿಗೆ ಬಂದಿಳಿದ ಜರ್ಮನಿಯ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದರು. ಮುಂದೆ ನಮ್ಮ ಬಸವಪುರಾಣವೂ ಅವರ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಕಿಟೆಲ್ ಅವರ ನಿಘಂಟು 1894ರಲ್ಲಿ ಇಲ್ಲಿಯ ಬಾಸೆಲ್ ಮಿಶನ್ ಮುದ್ರಣಾಲಯದಿಂದಲೇ ಬೆಳಕು ಕಂಡಿತು. ಅವರು ಬಂದದ್ದು ತಮ್ಮ ಮತವನ್ನು ಸಾರಲು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಈ ಜನರೊಡನೆ ಮಾತನಾಡಬೇಕಾದರೆ ಇವರ ಮಾತನ್ನು ಮೊದಲು ಕಲಿಯಬೇಕೆಂಬುದು ಆ ಪರದೇಶಿಗಳಿಗೆ ಹೊಳೆದಿತ್ತು.

ಮರುದಿನ ಮಧ್ಯಾಹ್ನ ಪ್ರಸಾದವಾದ ಮೇಲೆ ಯಜಮಾನರು ಕಂಪ್ಯೂಟರಿನಲ್ಲಿ ಕನ್ನಡವನ್ನು ಸಿದ್ಧಗೊಳಿಸಿ ತಾಯಿಯನ್ನು ಕೂಡಿಸಿದರು. ನೆರೆಮನೆಯ ಆ ಹುಡುಗನೇ ಪಕ್ಕದಲ್ಲಿ ನಿಂತು ಕೀಲಿಗಳನ್ನು ತೋರಿಸಿದ. ಮೊದಲು 'ಶ್ರೀ' ಬರಬೇಕೆಂದು ಆಯಿಯ ಹಟ. ಶಕಾರವನ್ನು, ಒತ್ತಕ್ಷರದ ರಕಾರವನ್ನು, ದೀರ್ಘವನ್ನು ಹುಡುಕಿ ಅದೊಂದು ಅಕ್ಷರ ಮೂಡುವಷ್ಟರಲ್ಲಿ ಚಹಾ ಆರಿಹೋಗಿತ್ತು. 'ಚಿರಂಜೀವಿಗೆ ನಿನ್ನ ಆಯಿ ಮಾಡುವ ಆಶೀರ್ವಾದಗಳು. ನಾನು ಕ್ಷೇಮ. ನೀನು ನನಗ ನೀ ಅಂತನ ಬರಿ' ಎಂಬಲ್ಲಿಗೆ ಎರಡು ತಾಸು ಹಿಡಿಯಿತು.

ನಾವು ಹೊರಡುವ ಹೊತ್ತಿಗೆ ನಗೋಯಾದಿಂದ ಉತ್ತರ ಬಂದಿತ್ತು. ಒಂದೇ ಸಾಲು, ಕನ್ನಡ ಲಿಪಿಯಲ್ಲಿ, 'ಆಯಿ, ನೀ ಉಂಡೇನ?' ಎಂದು. 'ಉಂಡೇನ' ಎಂಬಲ್ಲಿ ಡಕಾರದ ಬದಲಿಗೆ ದಕಾರ ಬಿದ್ದಿತ್ತು. ಆಯಿ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, ತಪ್ಪನ್ನು ತಿದ್ದಿ ಕಳಿಸಲು ಮತ್ತೆ ಕೀಲಿಮಣೆಯ ಮುಂದೆ ಕುಳಿತರು.